ಒಬ್ಬರೇ ಯುರೋಪ್ ಕೋಚ್ ಟೂರ್‌ಗೆ: ಬೆಂಗಳೂರಿನಲ್ಲಿ ಬುಕ್ ಮಾಡುವುದರಿಂದ ಹಿಡಿದು ವಾಪಸ್ ಬರುವವರೆಗೆ

ಯುರೋಪ್ ನೋಡಬೇಕು ಅಂತ ವರ್ಷಗಳಿಂದ ಆಸೆ ಇಟ್ಟುಕೊಂಡವರು ನಮ್ಮ ಬೆಂಗಳೂರಿನಲ್ಲಿ ಬಹಳ ಜನ ಇದ್ದಾರೆ. ದುಡ್ಡು ಕೂಡಿಟ್ಟಿರುತ್ತಾರೆ, ಪಾಸ್‌ಪೋರ್ಟ್ ಬೀರುವಿನಲ್ಲಿ ಇರುತ್ತದೆ. ಜೊತೆಗೆ ಬರುವವರು ಮಾತ್ರ ಇರುವುದಿಲ್ಲ. ಮನೆಯವರಿಗೆ ಮಂಡಿನೋವು, ಗೆಳತಿಗೆ ರಜೆ ಸಿಗದು, ಅಕ್ಕ ‘ಮುಂದಿನ ವರ್ಷ ನೋಡೋಣ’ ಅನ್ನುತ್ತಾಳೆ. ಆ ಮುಂದಿನ ವರ್ಷ ಬರುವುದೇ ಇಲ್ಲ.

ಅಂಥವರಿಗೆ ಟೂರ್ ಮ್ಯಾನೇಜರ್ ಜೊತೆಗಿದ್ದು ಕೋಚ್‌ನಲ್ಲಿ, ಅಂದರೆ ದೊಡ್ಡ ಬಸ್ಸಿನಲ್ಲಿ, ಊರಿಂದೂರಿಗೆ ಸುತ್ತಿಸುವ ಗುಂಪು ಪ್ರವಾಸ ಒಳ್ಳೆಯ ದಾರಿ. ಹೋಟೆಲ್, ಊಟ, ಟಿಕೆಟ್ ಯಾವುದಕ್ಕೂ ನೀವು ಓಡಾಡಬೇಕಿಲ್ಲ. ಆದರೆ ಒಂದು ಮಾತು ನೆನಪಿರಲಿ. ಈ ಪ್ಯಾಕೇಜ್‌ಗಳೆಲ್ಲ ಜೋಡಿಯಾಗಿ ಬರುವವರನ್ನು ಲೆಕ್ಕಕ್ಕಿಟ್ಟುಕೊಂಡೇ ಮಾಡಿದಂಥವು. ಬೆಲೆ ಇಬ್ಬರ ಲೆಕ್ಕದ್ದು, ರೂಮು ಇಬ್ಬರದ್ದು, ಬಸ್ಸಿನ ಸೀಟೂ ಜೋಡಿ ಸೀಟು. ಹಾಗಾಗಿ ಒಬ್ಬರೇ ಹೋಗುವವರು ಕೇಳಬೇಕಾದ ಪ್ರಶ್ನೆಗಳು ಬೇರೆಯೇ. ಅವನ್ನು ಅಡ್ವಾನ್ಸ್ ಕಟ್ಟುವ ಮೊದಲೇ ಕೇಳಿ, ಉತ್ತರವನ್ನು ಬರಹದಲ್ಲಿ ತೆಗೆದುಕೊಳ್ಳಬೇಕು. ಈ ಲೇಖನದಲ್ಲಿ ನಾನು ಒತ್ತಿ ಹೇಳುವುದು ಇದನ್ನೇ.

ಮೊದಲು ಇಲ್ಲೇ ಒಂದು ಟ್ರಯಲ್

ಅಪರಿಚಿತರ ಗುಂಪಿನಲ್ಲಿ ನಿಮಗೆ ಹಿತವಾಗುತ್ತದೋ ಇಲ್ಲವೋ ಅನ್ನುವುದನ್ನು ಲಕ್ಷಗಟ್ಟಲೆ ಖರ್ಚು ಮಾಡಿ ಕಂಡುಕೊಳ್ಳುವುದು ಬೇಡ. ಕರ್ನಾಟಕ ಪ್ರವಾಸೋದ್ಯಮ ನಿಗಮದ ಬಸ್ ಟೂರ್ ಒಂದಕ್ಕೆ ಒಬ್ಬರೇ ಹೋಗಿ ಬನ್ನಿ. ರಾತ್ರಿ ತಂಗುವ ಟೂರ್ ಆದರೆ ಇನ್ನೂ ಒಳ್ಳೆಯದು. ಬೇರೆಯವರ ಗಡಿಯಾರಕ್ಕೆ ಏಳುವುದು, ಊಟದ ಟೇಬಲ್‌ನಲ್ಲಿ ಗೊತ್ತಿಲ್ಲದವರ ಪಕ್ಕ ಕೂರುವುದು, ಗೈಡ್ ‘ನಲವತ್ತು ನಿಮಿಷ’ ಅಂದಾಗ ನಿಮಗೆ ಇಷ್ಟವಾದ ಗುಡಿ ಬಿಟ್ಟು ಎದ್ದು ಬರುವುದು ಎಲ್ಲವೂ ಅಲ್ಲಿ ಅನುಭವಕ್ಕೆ ಬರುತ್ತದೆ. ಇದು ತೀರಾ ಕಿರಿಕಿರಿ ಅನ್ನಿಸಿದರೆ ಗುಂಪು ಪ್ರವಾಸ ನಿಮಗಲ್ಲ. ಪರವಾಗಿಲ್ಲ ಅನ್ನಿಸಿದರೆ ಮುಂದೆ ಓದಿ.

ಇನ್ನೊಂದು ತಯಾರಿ ಕಾಲಿನದು. ಯುರೋಪಿನ ಹಳೇ ಊರುಗಳ ಒಳಕ್ಕೆ ದೊಡ್ಡ ಕೋಚ್ ಬಿಡುವುದಿಲ್ಲ. ಊರ ಅಂಚಿನಲ್ಲಿ ಇಳಿಸಿ ನಡೆಸುತ್ತಾರೆ, ಅದೂ ಕಲ್ಲು ಹಾಸಿದ ಬೀದಿಯಲ್ಲಿ. ದಿನಕ್ಕೆ ಏಳೆಂಟು ಕಿಲೋಮೀಟರ್ ಆಗುವುದು ಮಾಮೂಲು. ಹೊರಡುವ ಎರಡು ತಿಂಗಳ ಮುಂಚಿನಿಂದಲೇ, ಟೂರ್‌ನಲ್ಲಿ ಹಾಕಿಕೊಳ್ಳುವ ಶೂ ಹಾಕಿಕೊಂಡು ಲಾಲ್‌ಬಾಗ್ ಸುತ್ತಿ. ಬಂಡೆ ಹತ್ತಿ ಇಳಿಯಿರಿ. ಹೊಸ ಶೂ ಅಲ್ಲಿ ಕಚ್ಚಬಾರದು ಅಂದರೆ ಇಲ್ಲೇ ಪಳಗಿಸಬೇಕು.

ಗುಂಪು ಎಲ್ಲಿಂದ ಹೊರಡುತ್ತದೆ?

ಜಯನಗರ, ಮಲ್ಲೇಶ್ವರ, ರಾಜಾಜಿನಗರ ಎಲ್ಲ ಕಡೆ ಟೂರ್ ಕಂಪನಿಗಳ ಆಫೀಸು, ಏಜೆಂಟರು ಇದ್ದಾರೆ. ಬ್ರೋಷರ್‌ನಲ್ಲಿ ಎಲ್ಲವೂ ಒಂದೇ ಥರ ಕಾಣುತ್ತದೆ. ಮೊದಲ ಪ್ರಶ್ನೆ ಇದಾಗಿರಲಿ: ಟೂರ್ ಬೆಂಗಳೂರಿನಿಂದ ಹೊರಡುತ್ತದಾ, ಮುಂಬೈಯಿಂದಲಾ? ಎಷ್ಟೋ ಗುಂಪುಗಳು ಮುಂಬೈಯಲ್ಲಿ ಸೇರುತ್ತವೆ. ಆಗ ಅಲ್ಲಿಯವರೆಗಿನ ಟಿಕೆಟ್ ಯಾರದು, ನಡುರಾತ್ರಿ ಟರ್ಮಿನಲ್ ಬದಲಿಸುವಾಗ ಜೊತೆಗೆ ಯಾರಿರುತ್ತಾರೆ, ನಮ್ಮ ವಿಮಾನ ತಡವಾಗಿ ಮುಂದಿನ ವಿಮಾನ ತಪ್ಪಿದರೆ ಜವಾಬ್ದಾರಿ ಯಾರದು ಅಂತ ಕೇಳಿ. ಒಬ್ಬರೇ ಹೋಗುವವರಿಗೆ ಬೆಂಗಳೂರಿನಿಂದಲೇ ಹೊರಡುವ ಗುಂಪು ಸ್ವಲ್ಪ ದುಬಾರಿಯಾದರೂ ನೆಮ್ಮದಿ.

ಎರಡನೆಯದು ಭಾಷೆ. ಮುಂಬೈ ಗುಂಪಿನಲ್ಲಿ ಹಿಂದಿ, ಮರಾಠಿ, ಗುಜರಾತಿ ಜಾಸ್ತಿ. ಟೂರ್ ಮ್ಯಾನೇಜರ್ ಮೈಕ್‌ನಲ್ಲಿ ಹೇಳುವ ವಿವರವೂ ಹಿಂದಿಯಲ್ಲೇ ಇರಬಹುದು. ಅದು ನಿಮಗೆ ತೊಡಕಾದರೆ ಕನ್ನಡದವರು ಹೆಚ್ಚಿರುವ ಗುಂಪು ಹುಡುಕಿ, ಬೆಂಗಳೂರಿನಲ್ಲಿ ಅಂಥವೂ ಇವೆ. ಗುಂಪಿನಲ್ಲಿ ಎಷ್ಟು ಜನ, ಅದರಲ್ಲಿ ಒಬ್ಬರೇ ಬರುವವರು ಎಷ್ಟು ಮಂದಿ, ಸುಮಾರು ಯಾವ ವಯಸ್ಸಿನವರು ಅಂತಲೂ ವಿಚಾರಿಸಿ. ಹೆಸರು ಹೇಳಬೇಕಿಲ್ಲ, ಸಂಖ್ಯೆ ಹೇಳಲು ಯಾರಿಗೂ ತೊಂದರೆಯಿಲ್ಲ. ಮೇ ತಿಂಗಳಲ್ಲಿ ಮಕ್ಕಳಿರುವ ಸಂಸಾರಗಳೇ ತುಂಬಿರುತ್ತವೆ. ಸೆಪ್ಟೆಂಬರ್‌ನಲ್ಲಿ ಗುಂಪು ಶಾಂತವಾಗಿರುತ್ತದೆ, ಹವೆಯೂ ಹಿತ. ಹೆಂಗಸರಿಗೇ ಮೀಸಲಾದ ಟೂರ್‌ಗಳೂ ಇವೆ. ಅಲ್ಲಿ ಒಬ್ಬರೇ ಬರುವವರು ಹೆಚ್ಚಿರುವುದರಿಂದ ರೂಮ್‌ಮೇಟ್ ಸಿಗುವುದು ಸುಲಭ.

ರೂಮು: ಇದನ್ನು ಇತ್ಯರ್ಥ ಮಾಡದೆ ದುಡ್ಡು ಕಟ್ಟಬೇಡಿ

ಬ್ರೋಷರ್‌ನಲ್ಲಿ ದಪ್ಪ ಅಕ್ಷರದಲ್ಲಿರುವ ಬೆಲೆ ‘ಟ್ವಿನ್ ಶೇರಿಂಗ್’ ಬೆಲೆ. ಒಬ್ಬರಿಗೇ ರೂಮು ಬೇಕೆಂದರೆ ‘ಸಿಂಗಲ್ ಸಪ್ಲಿಮೆಂಟ್’ ಅಂತ ಹೆಚ್ಚುವರಿ ಹಣ ಕೊಡಬೇಕು. ಇದು ಸಣ್ಣ ಮೊತ್ತವಲ್ಲ. ಬೇಡ ಅಂದರೆ ನಿಮ್ಮ ಹಾಗೇ ಒಬ್ಬರೇ ಬರುವ ಇನ್ನೊಬ್ಬರ ಜೊತೆ ಹಾಕುತ್ತಾರೆ. ಗಂಡಸರಿಗೆ ಗಂಡಸರು, ಹೆಂಗಸರಿಗೆ ಹೆಂಗಸರು.

ಕೌಂಟರಿನಲ್ಲಿ ಇದನ್ನು ಕೇಳಿದರೆ ‘ಅಡ್ಜಸ್ಟ್ ಮಾಡಿಕೊಡ್ತೀವಿ ಮೇಡಂ’ ಅನ್ನುತ್ತಾರೆ. ಆ ಮಾತು ಸಾಲದು. ಈ ಮೂರಕ್ಕೆ ಇಮೇಲ್‌ನಲ್ಲಿ ಉತ್ತರ ಪಡೆಯಿರಿ. ರೂಮ್‌ಮೇಟ್ ಸಿಗದೇ ಹೋದರೆ ಸಪ್ಲಿಮೆಂಟ್ ನಾನು ಕೊಡಬೇಕಾ, ಕಂಪನಿಯೇ ಭರಿಸುತ್ತದಾ? ಗೊತ್ತುಮಾಡಿದ ರೂಮ್‌ಮೇಟ್ ಕೊನೇ ಗಳಿಗೆಯಲ್ಲಿ ಟೂರ್ ರದ್ದು ಮಾಡಿದರೆ ಅಥವಾ ಅವರಿಗೆ ವೀಸಾ ಸಿಗದಿದ್ದರೆ ಏನು ಮಾಡುತ್ತೀರಿ? ಮೂವರ ರೂಮಿಗೆ ಹಾಕುತ್ತೀರಾ? ಮೂವರ ರೂಮು ಅಂದರೆ ಹೆಚ್ಚಾಗಿ ಇಬ್ಬರ ರೂಮಿಗೆ ಒಂದು ಮಡಚುವ ಮಂಚ ತಂದು ಹಾಕುವುದು. ಮೂರು ಸೂಟ್‌ಕೇಸ್ ತೆರೆದಿಟ್ಟರೆ ಕಾಲಿಡಲೂ ಜಾಗ ಇರುವುದಿಲ್ಲ.

ನನ್ನ ಸಲಹೆ ಕೇಳಿದರೆ, ಕೈಯಲ್ಲಿ ಆಗುವುದಾದರೆ ಸಿಂಗಲ್ ರೂಮಿಗೇ ದುಡ್ಡು ಹಾಕಿ. ಎರಡು ದಿನ ಕಡಿಮೆ ಇರುವ ಟೂರ್ ಆರಿಸಿಕೊಂಡಾದರೂ ಸರಿ. ಬೆಳಗಿನಿಂದ ರಾತ್ರಿವರೆಗೆ ನಲವತ್ತು ಜನರ ಮಧ್ಯೆ ಇರುತ್ತೀರಿ. ಬಾಗಿಲು ಹಾಕಿಕೊಂಡು ಸುಮ್ನೆ ಕಾಲು ಚಾಚುವ ಒಂದು ಜಾಗ ಬೇಕಾಗುತ್ತದೆ. ರೂಮು ದೊಡ್ಡದಾಗಿರುತ್ತದೆ ಅಂತ ಮಾತ್ರ ನಿರೀಕ್ಷೆ ಬೇಡ. ಅಲ್ಲಿನ ಸಿಂಗಲ್ ರೂಮು ಎಷ್ಟೋ ಕಡೆ ಇಬ್ಬರ ರೂಮಿಗಿಂತ ಚಿಕ್ಕದು.

ಹಂಚಿಕೊಳ್ಳುವುದಾದರೆ ಮೊದಲ ರಾತ್ರಿಯೇ ಮಾತಾಡಿಕೊಳ್ಳಿ. ಒಂದು ಟೂರ್‌ನಲ್ಲಿ ನನಗೆ ಸಿಕ್ಕವರು ನಾಸಿಕ್ ಕಡೆಯ ನಿವೃತ್ತ ಟೀಚರ್. ಸೂಟ್‌ಕೇಸ್ ಬಿಚ್ಚುವ ಮೊದಲೇ ಮಂಚದ ತುದಿಯಲ್ಲಿ ಕೂತು ಅವರೇ ಶುರು ಮಾಡಿದರು. ‘ನಾನು ನಾಲ್ಕೂವರೆಗೆ ಏಳ್ತೀನಿ, ಸ್ನಾನ ನನ್ನದು ಮೊದಲು. ಲೈಟ್ ಹಾಕಲ್ಲ, ಟಾರ್ಚ್ ಇದೆ. ಗೊರಕೆ ಹೊಡೀತೀನಿ, ಎಬ್ಬಿಸಿ, ಬೇಜಾರಿಲ್ಲ.’ ನಾನು ಹೀಟರ್ ಕಡಿಮೆ ಇರಲಿ, ರಾತ್ರಿ ಹತ್ತರ ಮೇಲೆ ಫೋನ್ ಮಾತು ಬೇಡ ಅಂದೆ. ಐದು ನಿಮಿಷದ ಮಾತು. ಟೂರ್ ಮುಗಿಯುವವರೆಗೂ ನಮ್ಮಿಬ್ಬರ ನಡುವೆ ಒಂದು ಸಣ್ಣ ಮುನಿಸೂ ಬರಲಿಲ್ಲ. ನಾಚಿಕೊಂಡು ಸುಮ್ಮನಿದ್ದರೆ ಮೂರನೇ ದಿನಕ್ಕೆ ಅದೇ ದೊಡ್ಡ ಜಗಳವಾಗುತ್ತದೆ.

ಇಟಿನರರಿ ಓದುವ ಬಗೆ

ಇಟಿನರರಿ ಅಂದರೆ ಯಾವ ದಿನ ಎಲ್ಲಿ ಅನ್ನುವ ಪಟ್ಟಿ. ಆ ಹಾಳೆಯಲ್ಲಿ ಊರ ಹೆಸರು ಇದ್ದ ಮಾತ್ರಕ್ಕೆ ಆ ಊರು ನೋಡಿದಂತಲ್ಲ. ‘ಫೋಟೋ ಸ್ಟಾಪ್’ ಅಂದರೆ ಇಳಿದು, ಫೋಟೋ ತೆಗೆದು, ಹತ್ತುವುದು. ‘ಡ್ರೈವ್ ಪಾಸ್ಟ್’ ಅಂದರೆ ಕಿಟಕಿಯಿಂದ ನೋಡುವುದು. ‘ಎಂಟ್ರೆನ್ಸ್ ಇನ್‌ಕ್ಲೂಡೆಡ್’ ಅಂತ ಇದ್ದರೆ ಮಾತ್ರ ಒಳಗೆ ಹೋಗುತ್ತೀರಿ. ಐಫೆಲ್ ಟವರ್‌ಗೆ ಟಿಕೆಟ್ ಇದೆ ಅಂದರೆ ಎರಡನೇ ಮಹಡಿಗಾ, ತುದಿಗಾ? ಕೇಳಿ. ಸ್ವಿಟ್ಜರ್‌ಲೆಂಡಿನ ಬೆಟ್ಟಗಳ ಪೈಕಿ ಟಿಟ್ಲಿಸ್ ಮಾತ್ರ ಇದೆಯಾ, ಯುಂಗ್‌ಫ್ರಾವ್ ಕೂಡ ಇದೆಯಾ? ಟಿಟ್ಲಿಸ್‌ನಲ್ಲಿ ಕೇಬಲ್ ಕಾರ್ 3,020 ಮೀಟರ್ ಎತ್ತರಕ್ಕೆ ಒಯ್ಯುತ್ತದೆ. ಯುಂಗ್‌ಫ್ರಾವ್‌ಯೋಖ್ ರೈಲ್ವೆ ಸ್ಟೇಷನ್ ಇರುವುದು 3,454 ಮೀಟರ್‌ನಲ್ಲಿ. ಬಿಪಿ, ಹೃದಯದ ತೊಂದರೆ, ಉಬ್ಬಸ ಇರುವವರು ಬುಕ್ ಮಾಡುವ ಮೊದಲೇ ಡಾಕ್ಟರ್ ಹತ್ತಿರ ಮಾತಾಡಿ. ಹಾಲೆಂಡಿನ ಟ್ಯೂಲಿಪ್ ತೋಟ ಕ್ಯೂಕೆನ್‌ಹಾಫ್ ತೆರೆದಿರುವುದು ಮಾರ್ಚ್ ನಡುವಿನಿಂದ ಮೇ ನಡುವಿನವರೆಗೆ ಮಾತ್ರ. ಬ್ರೋಷರ್ ಚಿತ್ರದಲ್ಲಿ ಟ್ಯೂಲಿಪ್ ಇದೆ ಅಂತ ಜೂನ್ ಟೂರ್ ಬುಕ್ ಮಾಡಿದರೆ ತೋಟಕ್ಕೆ ಬೀಗ.

ಗಂಟೆಗಳ ಲೆಕ್ಕ ಹಾಕಿ. ಪ್ಯಾರಿಸ್‌ನಲ್ಲಿ ಮೂರು ರಾತ್ರಿ, ಸ್ವಿಟ್ಜರ್‌ಲೆಂಡಿನಲ್ಲಿ ಮೂರು ರಾತ್ರಿ ಅಂತ ಇದ್ದರೆ ಒಳ್ಳೆಯದು. ದಿನಕ್ಕೊಂದು ಹೋಟೆಲ್ ಇದ್ದರೆ ದಿನಾ ಬೆಳಿಗ್ಗೆ ಸೂಟ್‌ಕೇಸ್ ಕಟ್ಟುವುದೇ ಕೆಲಸ. ಹೋಟೆಲ್ ಊರಿಂದ ಎಷ್ಟು ದೂರ ಅಂತಲೂ ಕೇಳಿ. ಗುಂಪುಗಳ ಹೋಟೆಲ್ ಹೆಚ್ಚಾಗಿ ಊರ ಹೊರಗೆ, ಹೆದ್ದಾರಿ ಪಕ್ಕ ಇರುತ್ತದೆ. ಜೋಡಿಗಳು ಲಾಬಿಯಲ್ಲಿ ಹರಟೆ ಹೊಡೆಯುತ್ತಾರೆ. ಒಬ್ಬರೇ ಹೋದವರಿಗೆ ಸಂಜೆ ಸುತ್ತಾಡಲು ಹತ್ತಿರ ಒಂದು ಟ್ರಾಮ್ ಸ್ಟಾಪೋ ಬಸ್ ಸ್ಟಾಪೋ ಇದ್ದರೆ ದೊಡ್ಡ ಅನುಕೂಲ.

ದುಡ್ಡಿನ ಲೆಕ್ಕ

ಪ್ಯಾಕೇಜ್ ಬೆಲೆಯ ಮೇಲೆ ಜಿಎಸ್‌ಟಿ ಬರುತ್ತದೆ. ಅದರ ಜೊತೆ ಟಿಸಿಎಸ್ ಅನ್ನುವ ಆದಾಯ ತೆರಿಗೆಯ ಮುಂಗಡವೂ ಸೇರುತ್ತದೆ. ವಿದೇಶ ಪ್ಯಾಕೇಜ್‌ಗಳಿಗೆ ಇದು 2020ರ ಅಕ್ಟೋಬರ್‌ನಿಂದ ಇದೆ, ದರವನ್ನು ಬಜೆಟ್‌ಗಳಲ್ಲಿ ಬದಲಿಸುತ್ತಾ ಬಂದಿದ್ದಾರೆ. ನೀವು ಬುಕ್ ಮಾಡುವ ದಿನದ ದರ ಕೇಳಿಕೊಳ್ಳಿ. ಇದು ಕಳೆದುಹೋಗುವ ಹಣವಲ್ಲ. ನಿಮ್ಮ ಪಾನ್ ನಂಬರಿಗೆ ಜಮೆಯಾಗುತ್ತದೆ, ರಿಟರ್ನ್ಸ್ ಸಲ್ಲಿಸುವಾಗ ಹೊಂದಿಸಿಕೊಳ್ಳಬಹುದು ಅಥವಾ ವಾಪಸ್ ಪಡೆಯಬಹುದು. ಆದ್ದರಿಂದ ಮಗನ ಖಾತೆಯಿಂದ ಹಣ ಹೋದರೂ ಬಿಲ್ ಮತ್ತು ಪಾನ್ ಯಾರ ಹೆಸರಿನಲ್ಲಿ ಅಂತ ಮೊದಲೇ ತೀರ್ಮಾನಿಸಿ.

ವೀಸಾ ಶುಲ್ಕ, ಇನ್ಶೂರೆನ್ಸ್, ಟಿಪ್ಸ್, ‘ಆಪ್ಷನಲ್’ ಟೂರ್‌ಗಳು ಬೆಲೆಯಲ್ಲಿ ಸೇರಿವೆಯಾ ನೋಡಿ. ವೀಸಾ ಸಿಗದಿದ್ದರೆ ಎಷ್ಟು ಹಣ ಹಿಡಿದುಕೊಳ್ಳುತ್ತಾರೆ ಅನ್ನುವುದು ಸಣ್ಣ ಅಕ್ಷರದಲ್ಲಿ ಇರುತ್ತದೆ. ಕನ್ನಡಕ ಹಾಕಿಕೊಂಡು ಓದಿ.

ಕೈಖರ್ಚಿಗೆ ಸ್ವಲ್ಪ ನಗದು, ಉಳಿದದ್ದು ಫಾರೆಕ್ಸ್ ಕಾರ್ಡ್ (ವಿದೇಶಿ ಹಣವನ್ನು ಮೊದಲೇ ತುಂಬಿಸಿಕೊಂಡು ಹೋಗುವ ಕಾರ್ಡ್). ನಗದು ರೂಪದಲ್ಲಿ ಒಂದು ಪ್ರವಾಸಕ್ಕೆ 3,000 ಡಾಲರ್ ಮೌಲ್ಯದವರೆಗೆ ಒಯ್ಯಬಹುದು, ಆದರೆ ಅಷ್ಟು ಬೇಕಿಲ್ಲ. ಸ್ವಿಟ್ಜರ್‌ಲೆಂಡಿನಲ್ಲಿ ಫ್ರಾಂಕ್ ನಡೆಯುತ್ತದೆ, ಉಳಿದ ಹೆಚ್ಚಿನ ಕಡೆ ಯೂರೋ. ಕಾರ್ಡ್ ಉಜ್ಜುವಾಗ ಮಿಷನ್ ‘ರೂಪಾಯಿಯಲ್ಲಾ, ಯೂರೋದಲ್ಲಾ’ ಅಂತ ಕೇಳಿದರೆ ಆ ದೇಶದ ಕರೆನ್ಸಿಯನ್ನೇ ಒತ್ತಿ. ರೂಪಾಯಿ ಒತ್ತಿದರೆ ಅವರ ದರದಲ್ಲಿ ಲೆಕ್ಕ ಹಾಕುತ್ತಾರೆ, ನಿಮಗೆ ನಷ್ಟ.

ವೀಸಾ

ಷೆಂಗನ್ ವೀಸಾ ಒಂದಿದ್ದರೆ 29 ದೇಶಗಳಲ್ಲಿ ಓಡಾಡಬಹುದು. ಟೂರ್‌ನಲ್ಲಿ ಲಂಡನ್ ಇದ್ದರೆ ಅದಕ್ಕೆ ಬೇರೆ ವೀಸಾ ಬೇಕು. ಹೆಚ್ಚು ದಿನ ಇರುವ ದೇಶಕ್ಕೆ ಅರ್ಜಿ ಹಾಕುವುದು ನಿಯಮ. ಹೊರಡುವ ಆರು ತಿಂಗಳ ಮೊದಲಿನಿಂದ ಹಾಕಬಹುದು, ತಡವೆಂದರೂ ಹೊರಡುವ 15 ದಿನ ಮೊದಲೇ ಹಾಕಿರಬೇಕು. ಬೇಸಿಗೆ ಟೂರ್ ಆದರೆ ಆದಷ್ಟು ಬೇಗ ಹಾಕಿ. 2024ರ ಜೂನ್‌ನಿಂದ ದೊಡ್ಡವರಿಗೆ ಶುಲ್ಕ 90 ಯೂರೋ, ವೀಸಾ ಕೇಂದ್ರದ ಸೇವಾ ಶುಲ್ಕ ಬೇರೆ. ಪಾಸ್‌ಪೋರ್ಟ್ ಹತ್ತು ವರ್ಷದೊಳಗೆ ಕೊಟ್ಟಿದ್ದಾಗಿರಬೇಕು, ವಾಪಸ್ ಹೊರಡುವ ದಿನದ ನಂತರವೂ ಮೂರು ತಿಂಗಳು ಚಾಲ್ತಿಯಲ್ಲಿರಬೇಕು, ಎರಡು ಖಾಲಿ ಪುಟ ಬೇಕು. ಬೆರಳಚ್ಚು ಕೊಡಲು ನೀವೇ ಹೋಗಬೇಕು, ಅದು ಬೆಂಗಳೂರಿನಲ್ಲೇ ಆಗುತ್ತದೆ.

ಟೂರ್ ಕಂಪನಿ ಕಾಗದಪತ್ರ ಜೋಡಿಸಿಕೊಡುತ್ತದೆ, ಆದರೆ ಕವರಿಂಗ್ ಲೆಟರ್ ನೀವೇ ಓದಿ ಸಹಿ ಹಾಕಿ. ಒಬ್ಬರೇ ಹೋಗುತ್ತಿರುವುದನ್ನು, ಯಾವ ಗುಂಪಿನ ಜೊತೆ ಅನ್ನುವುದನ್ನು, ವಾಪಸ್ ಬರಲು ಇಲ್ಲಿ ಏನಿದೆ ಅನ್ನುವುದನ್ನು (ಕೆಲಸ, ಪಿಂಚಣಿ, ಮನೆ, ಸಂಸಾರ) ನೇರವಾಗಿ ಬರೆಸಿ. ಸ್ವಂತ ಆದಾಯ ಇಲ್ಲದ ಗೃಹಿಣಿಯರು ಖರ್ಚು ಕೊಡುವವರ ಪತ್ರ, ಅವರ ಬ್ಯಾಂಕ್ ಸ್ಟೇಟ್‌ಮೆಂಟ್, ಆದಾಯ ತೆರಿಗೆ ರಿಟರ್ನ್ಸ್ ಇಡಬೇಕಾಗುತ್ತದೆ.

ಇನ್ಶೂರೆನ್ಸ್ ಕನಿಷ್ಠ 30,000 ಯೂರೋದ್ದು ಇರಲೇಬೇಕು. ಮೊದಲೇ ಇರುವ ಶುಗರ್, ಬಿಪಿಗೆ ಅದು ಅನ್ವಯಿಸುತ್ತದಾ ಅಂತ ಓದಿ. ಪ್ಯಾಕೇಜಿನ ಜೊತೆ ಬರುವ ಪಾಲಿಸಿಯಲ್ಲಿ ಅದು ಇಲ್ಲದಿದ್ದರೆ ಇರುವಂಥದ್ದನ್ನು ನೀವೇ ತೆಗೆದುಕೊಳ್ಳಿ.

ಸೂಟ್‌ಕೇಸ್

ಒಬ್ಬರೇ ಹೋಗುವವರಿಗೆ ನಿಯಮ ಒಂದೇ: ನೀವೇ ಎತ್ತಿ ಮೂರು ಮೆಟ್ಟಿಲು ಹತ್ತಿಸಲು ಆಗುವಷ್ಟೇ ತೂಕ. ಬೇರೆಯವರು ಒಂದು ದಿನ ಎತ್ತಿಕೊಡುತ್ತಾರೆ, ದಿನಾ ಅಲ್ಲ.

ತಿಂಡಿ ವಿಷಯದಲ್ಲಿ ಎಚ್ಚರ. ನಮ್ಮ ದೇಶದಿಂದ ಹಾಲಿನ ಪದಾರ್ಥ, ಮಾಂಸದ ಪದಾರ್ಥ ಒಯ್ಯಲು ಯುರೋಪಿಯನ್ ಯೂನಿಯನ್ ಬಿಡುವುದಿಲ್ಲ. ತುಪ್ಪದ ಡಬ್ಬಿ, ಹಾಲಿನ ಪುಡಿ ಮನೆಯಲ್ಲೇ ಇರಲಿ. ಹಸಿ ಕರಿಬೇವು, ಮಾವಿನಹಣ್ಣೂ ಬೇಡ. ಒಣಕೊಬ್ಬರಿ ಬೇಗ ಬೆಂಕಿ ಹತ್ತುವ ವಸ್ತು ಅಂತ ವಿಮಾನದಲ್ಲೇ ಬಿಡುವುದಿಲ್ಲ. ಚಟ್ನಿಪುಡಿ, ಕೋಡುಬಳೆ, ಒಗ್ಗರಣೆ ಅವಲಕ್ಕಿ, ಬಿಸಿನೀರು ಹಾಕಿದರೆ ಆಗುವ ಉಪ್ಪಿಟ್ಟಿನ ಪ್ಯಾಕೆಟ್ ಸಾಕು. ನಮ್ಮ ಟೂರ್‌ಗಳಲ್ಲಿ ರಾತ್ರಿ ಊಟ ಹೆಚ್ಚಾಗಿ ಇಂಡಿಯನ್ ರೆಸ್ಟೋರೆಂಟಿನಲ್ಲೇ. ಆದರೆ ದಿನಾ ಪನೀರ್, ದಾಲ್, ಜೀರಾ ರೈಸ್. ನಾಲ್ಕನೇ ದಿನಕ್ಕೆ ಚಟ್ನಿಪುಡಿ ಡಬ್ಬಿ ತೆಗೆದರೆ ಇಡೀ ಟೇಬಲ್ಲೇ ನಿಮ್ಮ ಸ್ನೇಹಿತರಾಗುತ್ತದೆ.

ಔಷಧಿ ಪೂರ್ತಿ ದಿನಗಳಿಗೆ ಆಗುವಷ್ಟು, ಅದರ ಮೇಲೆ ಒಂದು ವಾರದ್ದು. ಚೀಟಿ ಸಮೇತ ಹ್ಯಾಂಡ್ ಬ್ಯಾಗಿನಲ್ಲಿ. ಪವರ್ ಬ್ಯಾಂಕ್ ಕೂಡ ಹ್ಯಾಂಡ್ ಬ್ಯಾಗಿನಲ್ಲೇ ಇರಬೇಕು. ಫೋನ್ ಪ್ಲಾನ್ ತೆಗೆದುಕೊಳ್ಳುವಾಗ ಸ್ವಿಟ್ಜರ್‌ಲೆಂಡ್ ಹೆಸರು ಪಟ್ಟಿಯಲ್ಲಿದೆಯಾ ನೋಡಿ. ಅದು ಯುರೋಪಿಯನ್ ಯೂನಿಯನ್‌ಗೆ ಸೇರಿಲ್ಲ, ಕೆಲವು ಯುರೋಪ್ ಪ್ಲಾನ್‌ಗಳಲ್ಲಿ ಇರುವುದಿಲ್ಲ.

ಹೊರಡುವ ದಿನ

ಬೆಂಗಳೂರಿನ ಅಂತರರಾಷ್ಟ್ರೀಯ ವಿಮಾನಗಳು 2023ರ ಸೆಪ್ಟೆಂಬರ್‌ನಿಂದ ಟರ್ಮಿನಲ್ 2ರಿಂದ ಹೊರಡುತ್ತಿವೆ. ಟ್ರಾಫಿಕ್ ನಂಬಬೇಡಿ, ಬೇಗ ಹೊರಡಿ. ವಾಯು ವಜ್ರ ಬಸ್ಸು ನಡುರಾತ್ರಿಯ ವಿಮಾನಕ್ಕೂ ಅನುಕೂಲ. ಗುಂಪಿನವರು ಗೇಟಿನ ಹತ್ತಿರ ಸೇರಿದಾಗ ಟೂರ್ ಮ್ಯಾನೇಜರ್‌ಗೆ ನಿಮ್ಮ ಪರಿಚಯ ನೀವೇ ಹೇಳಿಕೊಳ್ಳಿ. ಕಾಯಿಲೆ, ಔಷಧಿ, ಅಲರ್ಜಿ, ಮನೆಯವರ ಫೋನ್ ನಂಬರ್ ಒಂದು ಚೀಟಿಯಲ್ಲಿ ಬರೆದು ಅವರ ಕೈಗೆ ಕೊಡಿ. ರಾತ್ರಿ ಸಿಂಗಲ್ ರೂಮಿನಲ್ಲಿ ಹುಷಾರು ತಪ್ಪಿದರೆ ವಿಷಯ ಗೊತ್ತಿರುವವರು ಒಬ್ಬರಾದರೂ ಇರಬೇಕು. ಬೆಳಿಗ್ಗೆ ತಿಂಡಿಗೆ ಬರದಿದ್ದರೆ ಬಾಗಿಲು ತಟ್ಟಿ ಅಂತ ಇನ್ನೊಬ್ಬರು ಸಹಪ್ರಯಾಣಿಕರಿಗೂ ಹೇಳಿಡಿ.

ಷೆಂಗನ್ ಗಡಿಯಲ್ಲಿ 2025ರ ಅಕ್ಟೋಬರ್‌ನಿಂದ ಮುಖ ಮತ್ತು ಬೆರಳಚ್ಚು ದಾಖಲಿಸುವ ಹೊಸ ವ್ಯವಸ್ಥೆ ಶುರುವಾಗಿದೆ. ಸಾಲು ಉದ್ದವಿರಬಹುದು. ಹೋಟೆಲ್ ಪಟ್ಟಿ, ವಾಪಸ್ ಟಿಕೆಟ್, ಇನ್ಶೂರೆನ್ಸ್ ಮೂರರ ಪ್ರಿಂಟ್ ನಿಮ್ಮ ಕೈಯಲ್ಲೇ ಇರಲಿ. ಟೂರ್ ಮ್ಯಾನೇಜರ್ ನಿಮಗಿಂತ ಇಪ್ಪತ್ತು ಜನ ಹಿಂದೆ ನಿಂತಿರಬಹುದು.

ಕೋಚ್‌ನಲ್ಲಿ

‘ಆರು-ಏಳು-ಎಂಟು’ ಅನ್ನುವುದು ಈ ಟೂರ್‌ಗಳ ಮಂತ್ರ. ಆರಕ್ಕೆ ಏಳುವುದು, ಏಳಕ್ಕೆ ತಿಂಡಿ, ಎಂಟಕ್ಕೆ ಬಸ್ಸು. ಗಡಿಬಿಡಿ ಅನ್ನಿಸಬಹುದು, ಆದರೆ ಇದರ ಹಿಂದೆ ಕಾನೂನಿದೆ. ಯುರೋಪಿನಲ್ಲಿ ಕೋಚ್ ಡ್ರೈವರ್ ದಿನಕ್ಕೆ ಒಂಬತ್ತು ಗಂಟೆ ಮಾತ್ರ ಓಡಿಸಬಹುದು, ವಾರದಲ್ಲಿ ಎರಡು ದಿನ ಮಾತ್ರ ಹತ್ತು. ನಾಲ್ಕೂವರೆ ಗಂಟೆ ಓಡಿಸಿದ ಮೇಲೆ 45 ನಿಮಿಷ ವಿಶ್ರಾಂತಿ ಕಡ್ಡಾಯ. ರಾತ್ರಿ ಸಾಮಾನ್ಯವಾಗಿ 11 ಗಂಟೆ ಬಿಡುವು. ಟ್ಯಾಕೋಗ್ರಾಫ್ ಅನ್ನುವ ಯಂತ್ರ ಎಲ್ಲವನ್ನೂ ದಾಖಲಿಸುತ್ತದೆ, ಪೊಲೀಸರು ಹಿಡಿದರೆ ದಂಡ. ಹಾಗಾಗಿ ನೀವು ಅರ್ಧ ಗಂಟೆ ತಡ ಮಾಡಿದರೆ ಡ್ರೈವರ್ ‘ಸ್ವಲ್ಪ ಜೋರಾಗಿ ಓಡಿಸಿ’ ಅದನ್ನು ಸರಿದೂಗಿಸಲಾರ. ಸಂಜೆಯ ಒಂದು ಜಾಗ ಎಲ್ಲರಿಗೂ ತಪ್ಪಿಹೋಗುತ್ತದೆ. ಒಬ್ಬರೇ ಬಂದವರು ಐದು ನಿಮಿಷ ಮುಂಚೆ ಬಸ್ಸಿನ ಹತ್ತಿರ ಇರುವುದನ್ನು ರೂಢಿ ಮಾಡಿಕೊಂಡರೆ ಗುಂಪಿನಲ್ಲಿ ಗೌರವ ತಾನಾಗಿಯೇ ಬರುತ್ತದೆ.

ಸೀಟು ದಿನಾ ಬದಲಿಸುವ ಪದ್ಧತಿ ಇದೆಯಾ ಅಂತ ಮೊದಲ ದಿನವೇ ತಿಳಿದುಕೊಳ್ಳಿ. ಇಲ್ಲದಿದ್ದರೆ ಜೋಡಿಗಳು ಮುಂದೆ ಹಿಡಿದು, ಒಬ್ಬರೇ ಬಂದವರು ಕೊನೇ ಸಾಲಿಗೆ ಹೋಗುತ್ತಾರೆ. ಅದಕ್ಕೆ ಮೆತ್ತಗೆ, ಆದರೆ ಸ್ಪಷ್ಟವಾಗಿ ಆಕ್ಷೇಪ ಹೇಳಬಹುದು. ನೀವೂ ಪೂರ್ತಿ ದುಡ್ಡು ಕೊಟ್ಟವರೇ ಅಲ್ವಾ? ‘ನೀವು ಒಬ್ಬರೇ ಅಲ್ವಾ, ಆ ಕಡೆ ಕೂತ್ಕೊಳ್ಳಿ’ ಅಂತ ದಿನಾ ಕೇಳಿದರೆ ಟೂರ್ ಮ್ಯಾನೇಜರ್‌ಗೆ ಖಾಸಗಿಯಾಗಿ ಹೇಳಿ, ಬಸ್ಸಿನಲ್ಲಿ ಎಲ್ಲರೆದುರು ಬೇಡ.

ಬಸ್ಸಿನಲ್ಲಿ ಟಾಯ್ಲೆಟ್ ಇದ್ದರೂ ಹೆಚ್ಚಾಗಿ ಬೀಗ ಹಾಕಿರುತ್ತಾರೆ. ಹೆದ್ದಾರಿಯಲ್ಲಿ ನಿಲ್ಲಿಸಿದಾಗ ಹೋಗಿಬಿಡಿ. ಜರ್ಮನಿಯ ಹೆದ್ದಾರಿಗಳಲ್ಲಿ ಸ್ಯಾನಿಫೇರ್ ಅನ್ನುವ ಕಂಪನಿಯ ಟಾಯ್ಲೆಟ್‌ಗಳಿಗೆ ಒಂದು ಯೂರೋ. ಕೊಡುವ ಚೀಟಿ ಬಿಸಾಡಬೇಡಿ, ಅಲ್ಲಿನ ಅಂಗಡಿಯಲ್ಲಿ ಕಾಫಿ ಕೊಂಡರೆ ಆ ಮೊತ್ತವನ್ನು ಬಿಲ್ಲಿನಲ್ಲಿ ಕಡಿಮೆ ಮಾಡುತ್ತಾರೆ. ಒಂದು ಯೂರೋ ನಾಣ್ಯಗಳನ್ನು ಬೇರೆ ಪರ್ಸಿನಲ್ಲಿ ಇಟ್ಟುಕೊಳ್ಳಿ.

ಬಿಡುವಿನ ಸಮಯ

ಗೈಡ್ ‘ಈಗ ಎರಡು ಗಂಟೆ ಫ್ರೀ’ ಅಂದಾಗ ಗುಂಪು ಅಂಗಡಿಗೆ ನುಗ್ಗುತ್ತದೆ. ಒಬ್ಬರೇ ಹೋದವರಿಗೆ ಇದು ಚಿನ್ನದಂಥ ಸಮಯ. ಯಾರನ್ನೂ ಕಾಯಬೇಕಿಲ್ಲ, ಯಾರ ಒಪ್ಪಿಗೆಯೂ ಬೇಕಿಲ್ಲ. ಮೊದಲು ಸೇರುವ ಜಾಗದ ಫೋಟೋ ತೆಗೆದುಕೊಳ್ಳಿ, ಮ್ಯಾಪ್‌ನಲ್ಲಿ ಗುರುತು ಹಾಕಿ. ವೆನಿಸ್‌ನಲ್ಲಿ ಕೋಚ್ ಟ್ರೋಂಕೆಟ್ಟೋ ಅನ್ನುವ ಪಾರ್ಕಿಂಗ್ ಜಾಗದಲ್ಲಿ ನಿಲ್ಲುತ್ತದೆ, ದೋಣಿಯಲ್ಲಿ ಸೇಂಟ್ ಮಾರ್ಕ್ ಚೌಕದ ಕಡೆ ಒಯ್ಯುತ್ತಾರೆ. ಅಲ್ಲಿನ ಓಣಿಗಳಲ್ಲಿ ಫೋನಿನ ಮ್ಯಾಪ್ ಕೂಡ ತಡಬಡಿಸುತ್ತದೆ. ನೀರಿನ ಕಡೆ ಮುಖ ಮಾಡಿರುವ ಎರಡು ಎತ್ತರದ ಕಂಬಗಳನ್ನು ಗುರುತಿಟ್ಟುಕೊಂಡರೆ ಯಾರನ್ನು ಕೇಳಿದರೂ ದಾರಿ ತೋರಿಸುತ್ತಾರೆ. ಎರಡು ಗಂಟೆಯಲ್ಲಿ ಎರಡು ಕೆಲಸ ಸಾಕು: ಒಂದು ಜಾಗ ನೋಡುವುದು, ಒಂದು ಕಾಫಿ ಕುಡಿಯುವುದು.

ಜೇಬುಗಳ್ಳರು ಒಬ್ಬರೇ ಇರುವವರನ್ನು ಬೇಗ ಗುರುತಿಸುತ್ತಾರೆ. ಪ್ಯಾರಿಸ್‌ನಲ್ಲಿ ಸಹಿ ಹಾಕಿ ಅಂತ ಕಾಗದ ಹಿಡಿದು ಬರುವವರು, ಸಾಕ್ರೆ ಕ್ಯೋರ್ ಚರ್ಚಿನ ಮೆಟ್ಟಿಲ ಹತ್ತಿರ ಕೈಗೆ ದಾರ ಕಟ್ಟಲು ಬರುವವರು ಸಿಗುತ್ತಾರೆ. ನಿಲ್ಲಬೇಡಿ, ನಗಬೇಡಿ, ಕೈ ಜೇಬಿನಲ್ಲಿಟ್ಟುಕೊಂಡು ಮುಂದೆ ಹೋಗಿ. ಪಾಸ್‌ಪೋರ್ಟ್ ಬಟ್ಟೆಯ ಒಳಗಿನ ಚೀಲದಲ್ಲಿರಲಿ. ಅದರ ಪ್ರತಿ ಫೋನಿನಲ್ಲೂ ಇರಲಿ, ಬಸವನಗುಡಿಯಲ್ಲೋ ಬನಶಂಕರಿಯಲ್ಲೋ ಇರುವ ನಿಮ್ಮವರ ಹತ್ತಿರವೂ ಒಂದಿರಲಿ. ದಿನಾ ಹೋಟೆಲ್ ಕಾರ್ಡಿನ ಫೋಟೋ ತೆಗೆದುಕೊಳ್ಳಿ. ತುರ್ತು ನಂಬರ್ ಅಲ್ಲೂ 112.

ಊಟದ ಟೇಬಲ್‌ಗಳನ್ನು ಬದಲಿಸುತ್ತಾ ಹೋಗಿ. ಒಂದೇ ಸಂಸಾರಕ್ಕೆ ಅಂಟಿಕೊಂಡರೆ ಅವರಿಗೂ ಕಷ್ಟ, ನಿಮಗೂ ಬೇಸರ. ಫೋಟೋ ತೆಗೆದುಕೊಡಿ ಅಂತ ಕೇಳುವ ಮೊದಲು ಅವರ ಜೋಡಿ ಫೋಟೋ ನೀವೇ ತೆಗೆದುಕೊಡಿ. ಎರಡು ದಿನದಲ್ಲಿ ‘ಆಂಟಿ, ಇಲ್ಲಿ ನಿಲ್ಲಿ’ ಅಂತ ಅವರ ಮಕ್ಕಳೇ ನಿಮ್ಮನ್ನು ಕರೆಯುತ್ತಾರೆ.

ಬಂದ ಮೇಲೆ

ಲಗೇಜ್ ಒಡೆದಿದ್ದರೆ ಅಥವಾ ಬಂದಿಲ್ಲದಿದ್ದರೆ ಬೆಲ್ಟ್ ಹತ್ತಿರದ ಕೌಂಟರಿನಲ್ಲೇ ದೂರು ಬರೆಸಿ, ಆ ಚೀಟಿ ಇಲ್ಲದೆ ಇನ್ಶೂರೆನ್ಸ್ ಹಣ ಸಿಗುವುದು ಕಷ್ಟ. ಆಸ್ಪತ್ರೆ ಬಿಲ್ಲುಗಳನ್ನು ಪಾಲಿಸಿಯಲ್ಲಿ ಹೇಳಿದ ಗಡುವಿನೊಳಗೆ ಕಳಿಸಿ. ಫಾರೆಕ್ಸ್ ಕಾರ್ಡಿನಲ್ಲಿ ಉಳಿದದ್ದನ್ನು ವಾಪಸ್ ಹಾಕಿಸಿಕೊಳ್ಳಿ. ಟೂರ್ ಕಂಪನಿಯಿಂದ ಟಿಸಿಎಸ್ ಪ್ರಮಾಣಪತ್ರ ಕೇಳಿ ಪಡೆಯಿರಿ. ಆ ಮೊತ್ತ ನಿಮ್ಮ ಪಾನ್‌ನ ತೆರಿಗೆ ವಿವರದಲ್ಲಿ ಬಂದಿದೆಯಾ ಅಂತ ರಿಟರ್ನ್ಸ್ ಹಾಕುವ ಮೊದಲು ನೋಡಿಕೊಳ್ಳಿ. ಬಂದಿಲ್ಲದಿದ್ದರೆ ಬಿಲ್ ಹಿಡಿದುಕೊಂಡು ಬುಕ್ ಮಾಡಿದ ಆಫೀಸಿಗೇ ಹೋಗಿ ಕೇಳಿ.